ಕಾಲಿನ ಕಡೆಯ ಹಗ್ಗ

"ನಾನು ಬರೋಲ್ಲ. ಆ ಹಗ್ಗ ಬೇರೆ ಯಾರಿಗಾದ್ರೂ ಕೊಡು," ಎಂದ ಡೂಗಲ್.

ಮರ್ಡೊನ ಮಗಳು ಇಶ್ಬೆಲ್ ಬಾಗಿಲಲ್ಲೇ ನಿಂತುಬಿಟ್ಟಳು. ಅಪ್ಪನ ಶವಪೆಟ್ಟಿಗೆಯನ್ನು ಗುಂಡಿಗಿಳಿಸಲು ಎಂಟು ಹಗ್ಗ, ಎಂಟು ಜನ. ತಲೆಯ ಕಡೆಯದು ಮಗಳಿಗೆ, ಕಾಲಿನ ಕಡೆಯದು ಗೆಳೆಯ ಡೂಗಲ್‌ಗೆ ಎಂದು ಅಪ್ಪನೇ ಬರೆದಿಟ್ಟು ಹೋಗಿದ್ದ.

ಡೂಗಲ್ ಆ ಸೀಮೆಯ ಗಂಡಸರ ಮೊಣಕಾಲುದ್ದದ ಚೌಕಳಿ ಲಂಗ, ಕಿಲ್ಟ್ ಉಟ್ಟು, ಕಪ್ಪು ಕೋಟು ತೊಟ್ಟು ಸಿದ್ಧನಾಗಿಯೇ ಕೂತಿದ್ದ. ತೊಂದರೆಯೆಲ್ಲ ಎಡಗಾಲಿನದು. ಹೋದ ವಾರವಷ್ಟೇ ಮೊಣಕಾಲಿನ ಆಪರೇಷನ್ ಆಗಿ, ಬ್ಯಾಂಡೇಜು ಪಾದದವರೆಗೂ ಇಳಿದಿತ್ತು. ಉಣ್ಣೆಯ ಉದ್ದ ಕಾಲುಚೀಲ ಏರದು, ಬೂಟು ಹಿಡಿಸದು, ಪ್ಯಾಂಟಂತೂ ದೂರದ ಮಾತು. ಊರಿನ ಬ್ಯಾಂಡಿಗೆ ಮೂವತ್ತು ವರ್ಷ ಶಿಸ್ತು ಕಲಿಸಿದ ಮನುಷ್ಯ ಇವನು. ಕಾಲುಚೀಲ ಒಂದು ಬೆರಳು ಜಾರಿದರೂ ಸಾಲಿನಿಂದ ಹೊರಗಟ್ಟುತ್ತಿದ್ದ.

"ಮಾಮಾ, ನಮ್ಮಪ್ಪ ಕಿಲ್ಟಿಗೆ ರಬ್ಬರ್ ಬೂಟು ಹಾಕ್ಕೊಂಡು ಕುರಿ ಕಾಯ್ದೋರು. ಗಾಳಿ ಆಡುತ್ತೆ, ಬಗ್ಗೋಕೂ ಸಲೀಸು ಅಂತಿದ್ರು. ಅಂಥೋರ ಹತ್ರ ಬರೋಕೆ ನಿಮಗೇನು ನಾಚಿಕೆ?"

"ಅದಕ್ಕೇ ಕಣಮ್ಮ ನಾಚಿಕೆ! ಹಿರಿಯರ ಉಡುಪನ್ನ ಗೋಣಿತಾಟು ಮಾಡ್ಬೇಡ ಅಂತ ಜೀವಮಾನವೆಲ್ಲ ಅವನನ್ನ ಬೈದೆ. ನನ್ನ ಮಗನ ಮದುವೆ ದಿನ ಕುರಿ ಹೆರಿಗೆ ಮುಗಿಸಿ, ಹೊತ್ತಾಗ್ಬಾರ್ದು ಅಂತ ಅದೇ ಬೂಟಲ್ಲಿ ಓಡಿ ಬಂದಿದ್ದ. ಚರ್ಚಿನ ಬಾಗಿಲಿಂದಲೇ ವಾಪಸ್ ಕಳಿಸ್ದೆ." ಡೂಗಲ್‌ನ ದನಿ ಕುಗ್ಗಿತು. "ಬಂದ ದಾರೀಲೇ ತಿರುಗಿ ಹೊರಟುಹೋದ. ಈಗ ನಾನು ಈ ಅವತಾರದಲ್ಲಿ ಹೋಗಿ ಅವನ ಕಾಲ ಹತ್ರ ನಿಲ್ಲಲಾ?"

ಇಶ್ಬೆಲ್‌ಗೆ ಸಿಟ್ಟೂ ಬಂತು, ಅಳುವೂ ಬಂತು. "ಆ ಮದುವೆ ಸುದ್ದೀನ ಅಪ್ಪ ಮನೇಲಿ ಒಂದು ದಿನಾನೂ ಎತ್ತಲಿಲ್ಲ. ನೀವು ಬರದೇ ಇದ್ರೆ ನಾನು ಎತ್ತುತೀನಿ, ಊರಿಗೆಲ್ಲ ಕೇಳೋ ಹಾಗೆ. ಏಳಿ ಮೇಲೆ!"

ಬೆಟ್ಟದ ಸ್ಮಶಾನಕ್ಕೆ ಡೂಗಲ್ ಕೋಲೂರಿಕೊಂಡು ಬಂದ. ಬಲಗಾಲಲ್ಲಿ ಮಿರಮಿರ ಬೂಟು, ಎಡಗಾಲಲ್ಲಿ ಬ್ಯಾಂಡೇಜು ಮತ್ತು ಮನೆಯೊಳಗಿನ ಚಪ್ಪಲಿ. ಒಂದು ಕಾಲದಲ್ಲಿ ಅವನಿಂದ ಬೈಸಿಕೊಂಡ ಬ್ಯಾಂಡಿನವರು ಬೇಕೆಂದೇ ಬೇರೆಲ್ಲೋ ನೋಡಿದರು. ಕೋಲನ್ನು ಪಕ್ಕದವನ ಕೈಗಿತ್ತು ಡೂಗಲ್ ಹಗ್ಗ ಹಿಡಿದ.

ಪೆಟ್ಟಿಗೆ ತಳ ಮುಟ್ಟಿತು. ರೂಢಿಯಂತೆ ಏಳು ಹಗ್ಗಗಳು ಗುಂಡಿಗೆ ಬಿದ್ದವು. ಡೂಗಲ್ ಮಾತ್ರ ತನ್ನದನ್ನು ಬಿಡದೆ ಮುಂದಕ್ಕೆ ಬಾಗಿದ.

"ಮರ್ಡೊ, ಬಂದಿದೀನಿ ಕಣೋ," ಎಂದ. "ಬೇಕಾದ್ರೆ ವಾಪಸ್ ಕಳಿಸು."