ವ್ಯಾನಿನ ಕೆಳಗಿನ ಗುಂಡುಕಲ್ಲು

ಮಕ್ಕಳೇ, ನಿಮ್ಮಪ್ಪ ಬೈಕಿಗೆ ಗ್ರೀಸು ಹಚ್ಚುವಾಗ ಆ ವಾಸನೆಗೆ ನಾನು ಇವತ್ತಿಗೂ ಎದ್ದು ಒಳಗೆ ಹೋಗುತ್ತೇನೆ.

ಆಗ ನನಗೆ ಹತ್ತು ವರ್ಷ. ಚನ್ನರಾಯಪಟ್ಟಣಕ್ಕೆ ತೆಂಗಿನಕಾಯಿ ಸಾಗಿಸಲು ಅಪ್ಪನ ಹತ್ತಿರ ಹಳೆಯ ವ್ಯಾನೊಂದಿತ್ತು. ಏನೇ ಕೆಟ್ಟರೂ ಅಂಗಳದಲ್ಲೇ ರಿಪೇರಿ. ಅಂಗಳ ಇಳಿಜಾರು, ವ್ಯಾನಿಗೆ ಬ್ರೇಕು ಸರಿಯಿಲ್ಲ. ಅದಕ್ಕೇ ಅಪ್ಪ ಒರಳಿನ ಗುಂಡುಕಲ್ಲನ್ನು ಚಕ್ರಕ್ಕೆ ಅಡ್ಡ ಇಟ್ಟು ಕೆಳಗೆ ನುಸುಳುತ್ತಿದ್ದರು.

ಆ ಮಧ್ಯಾಹ್ನ ಅಪ್ಪ ವ್ಯಾನಿನ ಕೆಳಗೆ ಮಲಗಿ ಗ್ರೀಸು ಹಚ್ಚುತ್ತಿದ್ದಾಗ ಅಮ್ಮ ಅಡುಗೆಮನೆಯಿಂದ ನನ್ನನ್ನು ಕೂಗಿದಳು. "ಚಟ್ನಿ ರುಬ್ಬಬೇಕು, ನಿಮ್ಮಪ್ಪನ್ನ ಕೇಳಿ ಗುಂಡುಕಲ್ಲು ಈಸ್ಕೊಂಡ್ ಬಾರೇ. ಅದೇನ್ ಒರಳಿಂದೋ, ವ್ಯಾನಿನ ಐದನೇ ಚಕ್ರವೋ!"

ಅಪ್ಪನನ್ನು ಮಾತಾಡಿಸಲು ನನಗೆ ಅಂಜಿಕೆ. ಕೇಳದೆಯೇ ಕಲ್ಲನ್ನು ಹೊರಳಿಸಿ ತೆಗೆದು ಎದೆಗಪ್ಪಿಕೊಂಡೆ. ವ್ಯಾನು ಸದ್ದಿಲ್ಲದೆ ಉರುಳಿತು. ಚಕ್ರ ಅಪ್ಪನ ಕಿವಿಯ ಪಕ್ಕದಲ್ಲೇ ಹಾದು, ತಲೆಗೆ ಸುತ್ತಿದ್ದ ಟವೆಲ್ಲಿನ ಅಂಚನ್ನು ಮಣ್ಣಿಗೆ ಒತ್ತಿಕೊಂಡು ಹೋಯಿತು. ವ್ಯಾನು ಬೇವಿನ ಮರಕ್ಕೆ ಗುದ್ದಿ ನಿಂತಿತು.

ಅಮ್ಮ ಓಡಿಬಂದಳು. "ಅಯ್ಯೋ, ಕಲ್ಲ್ ಯಾರ್ ತೆಗ್ದೋರು?"

ಅಪ್ಪ ಎದ್ದು ಕೂತು ನನ್ನನ್ನೂ, ನನ್ನ ಎದೆಯ ಮೇಲಿದ್ದ ಕಲ್ಲನ್ನೂ ನೋಡಿದರು.

"ನಾನೇ ಸರ್ಯಾಗಿ ಮಡಗಿರ್ನಿಲ್ಲ ಕಣೆ. ನೀರ್ ಕೊಡು."

ಅಮ್ಮ ನನ್ನ ಕಡೆ ತಿರುಗಿ ಕಲ್ಲನ್ನು ನೋಡಿದಳು, ಒಳಗೆ ಹೋಗಿ ಚೊಂಬು ತಂದಳು. ಅಪ್ಪನ ಕೈಯಲ್ಲಿ ಅದು ಬಾಯಿಯವರೆಗೆ ಹೋಗಲಿಲ್ಲ. ನೀರೆಲ್ಲ ಎದೆಯ ಮೇಲೆ ಚೆಲ್ಲಿತು.