ಹತ್ತು ಗಂಟೆಯ ರೋಗಿಗಳು

ಸಮೀಕ್ಷೆಯ ದಿನ ಹತ್ತು ಗಂಟೆಗೆ ಸೈರನ್ ಕೂಗುವಾಗ ಓಣಿಯಲ್ಲಿ ಕನಿಷ್ಠ ಐವರು ರೋಗಿಗಳಿದ್ದರೆ ಮಾತ್ರ ವರ್ಷವಿಡೀ ಔಷಧಿ ಬರುತ್ತಿತ್ತು. ಹಿಂದಿನ ತಿಂಗಳು ಸತ್ತ ಒಂಬತ್ತು ಮಂದಿ ಲೆಕ್ಕಕ್ಕಿರಲಿಲ್ಲ. ಹಿಂದಿನ ರಾತ್ರಿ ನೇಕಾರ ಓಣಿಯಲ್ಲಿ ಸರಿಯಾಗಿ ಐವರು ಉಳಿದಿದ್ದರು. ಅವರಲ್ಲಿ ಇಬ್ಬರು ನೀಲವ್ವನ ಅಪ್ಪ ಮತ್ತು ಅವಳ ಪುಟ್ಟ ಮಗಳು.

"ಸಾಕಾತವ್ವಾ, ಆಕ್ಸಿಜನ್ ಪೈಪು ತೆಗಿ," ಎಂದು ಅಪ್ಪ ನರಳಿದ.

"ಇನ್ನ ಹತ್ತ ನಿಮಿಷ ತಡಿಯಪ್ಪಾ. ನಿನ್ನ ಮೊಮ್ಮಗಳ ಸಲುವಾಗಿ."

ಅವನು ಹಲ್ಲು ಕಚ್ಚಿಕೊಂಡು ಉಸಿರಾಡಿದ. ಸೈರನ್ ಕೂಗಿತು. ಗಣತಿಯವಳು ಬಾಗಿಲಲ್ಲೇ ನಿಂತು ಇಬ್ಬರನ್ನೂ ಬರೆದುಕೊಂಡಳು. ನೀಲವ್ವ ಅಪ್ಪನ ಹಣೆ ಸವರಿ ಪೈಪು ತೆಗೆದಳು. ಸ್ವಲ್ಪ ಹೊತ್ತಿನಲ್ಲೇ ಅವನ ಉಸಿರು ನಿಂತಿತು.

"ಈಗ ಔಷಧಿ ಯಾವಾಗ ಬರತೈತ್ರಿ?" ಎಂದು ಓಣಿಯ ಎಣಿಕೆ ಮುಗಿಸಿ ಮರಳಿದ ಗಣತಿಯವಳನ್ನು ಕೇಳಿದಳು.

"ಮೂಲಿಮನಿ ಗೌರವ್ವಗ ಮುಂಜಾನಿ ಆರಾಮಾಗೈತ್ರಿ. ನಾಕ ಮಂದಿನ ಆದ್ರು," ಎನ್ನುತ್ತಾ ಗಣತಿಯವಳು 'ಆರೋಗ್ಯವಂತ ಓಣಿ' ಎಂಬ ಹಸಿರು ಚೀಟಿಯನ್ನು ಬಾಗಿಲಿಗೆ ಅಂಟಿಸಿದಳು.