ಒಂದು ಹೆಸರಿಗೆ ಜಾಗ

ಶಿವಲೀಲಾ ಬೆಳಗಿನಿಂದ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ತಮ್ಮನ ಮಗಳಿಗೆ ಇಂದು ತೊಟ್ಟಿಲ ಶಾಸ್ತ್ರ. ಸೋದರತ್ತೆಯಾದ ಅವಳೇ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕು. ತಲೆಯಲ್ಲಿ ಹೊಸ ಹೆಸರೊಂದು ಕೂರಬೇಕಾದರೆ ಹಳೆಯದೊಂದು ಎದ್ದುಹೋಗಬೇಕು, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಬಂದ ಹೆಂಗಸರು ಎಲೆಅಡಿಕೆ ಮೆಲ್ಲುತ್ತ, ಯಾರ ಹೆಸರನ್ನು ಬಿಡುವುದೆಂದು ಆರಾಮಾಗಿ ಮಾತಾಡಿಕೊಳ್ಳುತ್ತಿದ್ದರು.

"ನಾ ನಮ್ಮ ಹಳೇ ಬಾಡಿಗಿ ಮನಿ ಮಾಲಕನ್ನ ಬಿಡ್ತೀನ್ರೀ. ಎಷ್ಟ್ ಕಾಡಿದ್ದ ಮೂಳ!" ಎಂದಳು ನೆರೆಮನೆಯ ಕಸ್ತೂರೆವ್ವ.

ಶಿವಲೀಲಾಳ ತಲೆಯಲ್ಲಿ ಅಂಥ ಬಿಡಾಡಿ ಹೆಸರುಗಳು ಎಂದೋ ಮುಗಿದಿದ್ದವು. ಉಳಿದವರೆಲ್ಲ ದಿನಾ ಕರೆಯಬೇಕಾದವರು. ಅವರ ಜೊತೆಗೆ ಚಂಪಾ, ಮೂರು ವರ್ಷಕ್ಕೇ ಜ್ವರದಲ್ಲಿ ಹೋದ ಮಗಳು. ಗಂಡ ಆಫೀಸಿನ ಹೊಸ ಸಾಹೇಬರ ಹೆಸರಿಗಾಗಿ ಮಗಳ ಹೆಸರನ್ನು ಬಿಟ್ಟುಬಿಟ್ಟಿದ್ದ. ಈಗ ಅದು ಇವಳೊಬ್ಬಳ ಬಳಿಯೇ ಇತ್ತು.

ತಮ್ಮ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಅಕ್ಕಾ, ಸತ್ತವ್ರ ಹೆಸರು ಬಿಡು. ಕರದ್ರ ಅವ್ರೇನು ಓ ಅಂತಾರೇನು?"

ಅವಳು ತೊಟ್ಟಿಲಿಗೆ ಬಗ್ಗಿ, "ಕುರ್ರ್... ಇಂಚರಾ" ಎಂದು ಉಸುರಿದಳು. ಹೆಂಗಸರು ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿ ನಕ್ಕರು.

"ಶಿವಲೀಲಾ, ಊಟಕ್ಕ ಬಾರವ್ವಾ!" ಒಳಗಿನಿಂದ ಕಸ್ತೂರೆವ್ವ ಕೂಗಿದಳು.

ಯಾರೂ ಓ ಅನ್ನಲಿಲ್ಲ. 'ಚಂಪಾ, ಚಂಪಾ' ಎಂದು ಗುನುಗುತ್ತ ತೊಟ್ಟಿಲು ತೂಗುತ್ತಿದ್ದವಳು ತಲೆ ಎತ್ತಿ, ಸುತ್ತಲಿದ್ದ ಹೆಂಗಸರ ಮುಖಗಳನ್ನೆಲ್ಲ ನೋಡಿದಳು.

"ಯಾರ್ರೀ ಅದು ಶಿವಲೀಲಾ? ಲಗೂ ಏಳ್ರಿ, ಕರಿಯಾಕತ್ತಾರ."